ಮೂಡಗಾಳಿ ವರ್ಷದ ಬಾಟಲಿ

ನಮ್ಮ ಊರಿನಲ್ಲಿ ಯಾರಾದರೂ ವೈನ್ ಬಾಟಲಿ ತೆರೆಯುವುದಿದ್ದರೆ ಬೆಳಿಗ್ಗೆಯೇ ಮಾಳಿಗೆಯ ಮೇಲೆ ಬಿಳಿ ಬಟ್ಟೆ ಕಟ್ಟಬೇಕು, ಯಾವ ವರ್ಷದ್ದು ಎಂದು ಅಕ್ಕಪಕ್ಕದವರಿಗೆ ಕೂಗಿ ಹೇಳಬೇಕು. ಇದು ಮರ್ಯಾದೆಯ ಮಾತಲ್ಲ, ಬಟ್ಟೆಬರೆಯ ಮಾತು. ಬಿರಡೆ ಕಿತ್ತ ಮರುಗಳಿಗೆ ಆ ದ್ರಾಕ್ಷಿ ಬೆಳೆದ ವರ್ಷದ ಹವೆ ಓಣಿಗೆ ಇಳಿಯುತ್ತದೆ, ಬಿರಡೆ ಮತ್ತೆ ಹಾಕಿದರೂ ಬಾಟಲಿ ಬರಿದಾಗುವವರೆಗೆ ಹೋಗುವುದಿಲ್ಲ. ಬಿಸಿಲಿನ ವರ್ಷದ್ದಾದರೆ ಶಾವಿಗೆ ಹೊಸೆಯುವ ಹೆಂಗಸರು ಹುರುಪಿನಿಂದ ಮಾಳಿಗೆ ಏರುತ್ತಾರೆ. ಮಂಜಿನ ವರ್ಷದ್ದಾದರೆ ಕೆಮ್ಮಿನವರು ಬಾಗಿಲು ಹಾಕಿಕೊಳ್ಳುತ್ತಾರೆ. ಬೇಸಿಗೆಯಲ್ಲಿ ಮದುವೆ ಇಟ್ಟುಕೊಂಡವರು ಒಳ್ಳೆಯ ಚಳಿಯ ವರ್ಷದ ಬಾಟಲಿಗಾಗಿ ಮನೆಮನೆ ಅಲೆಯುತ್ತಾರೆ. ನಾನು ಗಾದಿ ಮಾಡುವವನು. ಅರಳೆ ಹಿಂಜುತ್ತಿರುವಾಗ ಯಾರಾದರೂ ಗಾಳಿಯ ವರ್ಷದ ಬಿರಡೆ ಕಿತ್ತರೆ ನನ್ನ ದಿನದ ದುಡಿಮೆಯೆಲ್ಲ ಪಕ್ಕದ ಓಣಿಯ ಬೇವಿನ ಮರದಲ್ಲಿ ನೇತಾಡುತ್ತದೆ. ಹಾಗಾಗಿ ಮೊದಲೆಲ್ಲ ನನಗೆ ಬಾಟಲಿ ಕೂಡಿಡುವವರನ್ನು ಕಂಡರೆ ಆಗುತ್ತಿರಲಿಲ್ಲ.

ನನ್ನ ಹೆಸರು ಪರಸಪ್ಪ. ಒಂದು ಕಡೆ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ಉಣ್ಣುವಾಗಲೂ ಒಂದು ಕಾಲು ಹೊಸ್ತಿಲಿನ ಆಚೆ ಇರುತ್ತದೆ. ಗಾದಿಯನ್ನು ಅರ್ಧ ತುಂಬಿ ಚಹಾಕ್ಕೆ ಹೋದರೆ, ಚಹಾ ಅರ್ಧ ಕುಡಿದು ಯಾರದೋ ಜಗಳ ನೋಡಲು ಹೋಗಿರುತ್ತೇನೆ. ಊರಿಗೆಲ್ಲ ಮಲಗಲು ಗಾದಿ ಮಾಡಿಕೊಡುವ ನಾನು ನೆಮ್ಮದಿಯಾಗಿ ಒಂದು ತಾಸು ಮಲಗಿದವನಲ್ಲ. ನನ್ನ ಹೆಂಡತಿ ಶೇವಂತಾ ಇದಕ್ಕೆ ತದ್ವಿರುದ್ಧ. ಅವಳು ಕೂತರೆ ಹಿಡಿದ ಕೆಲಸ ಮುಗಿಯುವವರೆಗೆ ಏಳುವುದಿಲ್ಲ. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಮಾತೂ ಸವೆಯುತ್ತ ಬಂದು ಊಟ, ನೀರು, ಬಾಗಿಲು ಎಂಬಲ್ಲಿಗೆ ನಿಂತಿತ್ತು. ಅದು ನನ್ನ ಗಮನಕ್ಕೆ ಬಂದಿರಲಿಲ್ಲ ಎಂದೇನಲ್ಲ; ಗಮನಕ್ಕೆ ಬಂದ ಕೂಡಲೇ ಚಪ್ಪಲಿ ಮೆಟ್ಟಿ ಹೊರಗೆ ಹೋಗಿಬಿಡುತ್ತಿದ್ದೆ.

ಕಳೆದ ವರ್ಷ ದ್ರಾಕ್ಷಿ ಕೊಯ್ಲು ಮುಗಿದ ವಾರ ಶೇವಂತಾ ಜೋಳ ಹಸನು ಮಾಡುತ್ತ, ಮೊರದಿಂದ ಕಣ್ಣು ಎತ್ತದೆ ಹೇಳಿದಳು: "ನದಿ ಆಚಿ ನಮ್ಮಣ್ಣ ನನಗಂತ ಒಂದು ಖೋಲಿ ಕಟ್ಟಸಾಕ ಹತ್ಯಾನ್ರಿ. ಬರೂ ಕೊಯ್ಲು ಅನ್ನೂದ್ರಾಗ ಮುಗೀತೈತಿ. ಆಮ್ಯಾಲೆ ನಾ ಅಲ್ಲಿಗೆ ಹೋಗತೀನಿ."

"ಎಷ್ಟು ದಿನಾ?"

"ಹೋಗೂದು ಹೇಳೀನಿ. ಬರೂದು ನೋಡೂಣು."

ಸಿಟ್ಟಿನಿಂದ ಹೇಳಿದ್ದರೆ ನಾನೂ ಎರಡು ಮಾತು ಎಸೆದು ಹಗುರಾಗುತ್ತಿದ್ದೆ. ಅವಳು ಸಂತೆಗೆ ಹೋಗಿಬರುತ್ತೇನೆ ಅನ್ನುವ ಹಾಗೆ ಹೇಳಿದಳು. ಎಂದಿನಂತೆ ಹೊರಗೆ ಬಂದೆ, ನದಿಯವರೆಗೆ ನಡೆದೆ, ತಿರುಗಿ ಬಂದೆ, ಮತ್ತೆ ನಡೆದೆ. ಹಾಗೆ ತಿರುಗುವಾಗ ಮೂಡಗಾಳಿ ವರ್ಷ ನೆನಪಾಯಿತು. ನಾವು ಮದುವೆಯಾದ ವರ್ಷ. ಆ ವರ್ಷವಿಡೀ ಸಂಜೆಯಾದರೆ ನದಿಯ ಆಚೆಯಿಂದ ಗಾಳಿ ಬೀಸುತ್ತಿತ್ತು. ಶೇವಂತಾ ದಿನಾ ಮಾಳಿಗೆ ಏರಿ ಗಾಳಿಗೆ ಮುಖವೊಡ್ಡಿ ನಿಲ್ಲುತ್ತಿದ್ದಳು. ನಾನು ಕಟ್ಟೆಯ ಮೇಲೆ ಗೆಳೆಯರ ಜೊತೆ ನಿಂತು, "ನೋಡ್ರಲೇ, ನನ್ನ ಹೇಂತಿಗೆ ನಮ್ಮೂರ ಗಾಳಿ ಹೆಂಗ ಸೇರೇತಿ" ಎಂದು ಬೀಗುತ್ತಿದ್ದೆ. ಅಂಥ ಒಂದು ಸಂಜೆ ಸಿಕ್ಕರೆ ಸಾಕು, ಅವಳು ಎಲ್ಲಿಗೂ ಹೋಗುವುದಿಲ್ಲ ಎಂಬ ಹುಚ್ಚು ನನ್ನ ತಲೆಗೆ ಹೊಕ್ಕಿತು.

ಆ ವರ್ಷದ ಬಾಟಲಿ ಊರಿನಲ್ಲಿ ಒಂದೇ ಉಳಿದಿತ್ತು. ಅದು ಅಕ್ಕಾರ ಬಳಿ. ತುಳಸಕ್ಕ ಶಾಲೆಯಲ್ಲಿ ಕಲಿಸುವುದು ಬಿಟ್ಟು ಎಷ್ಟೋ ಕಾಲವಾದರೂ ಊರಿಗೆಲ್ಲ ಇನ್ನೂ ಅಕ್ಕಾರೇ. ನಮಗೆ ಮಗ್ಗಿ ಕಲಿಸಿದವರು, ಕಿವಿ ಹಿಂಡಿದವರು. ಹಿಂದಿನವರು ಜೋಳ ತುಂಬಿಡುತ್ತಿದ್ದ ಹಗೇವು ಅವರ ಅಂಗಳದ ಕೆಳಗಿದೆ. ಬೇಸಿಗೆಯಲ್ಲೂ ತಣ್ಣಗಿರುವ ಆ ನೆಲದ ಹೊಟ್ಟೆಯಲ್ಲಿ ಈಗ ಬಿಳಿ ವೈನಿನ ಬಾಟಲಿಗಳು ಮಲಗಿವೆ. ನಾನು ಹೋಗಿ ಕೇಳಿದಾಗ ಅಕ್ಕಾರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಕುಡಿಯಾಕ ಬರೂವಗ ಕೊಡತೀನಿ."

"ನನಗೂ ಬರತೈತ್ರಿ, ಅಕ್ಕಾರ."

"ನಿನಗ ನುಂಗಾಕ ಬರತೈತಿ."

ಆವತ್ತು ಅವರ ಮಾಳಿಗೆಯ ಮೇಲೆ ಬಿಳಿ ಬಟ್ಟೆ ಇತ್ತು, ಅಂಗಳದಲ್ಲಿ ಜಿಟಿಜಿಟಿ ಮಳೆ. ತೆರೆದದ್ದು ಎರಡು ಮಳೆ ವರ್ಷದ ಬಾಟಲಿ. ಹೋದ ಮಳೆ ಮತ್ತೆ ಬಂದು ದ್ರಾಕ್ಷಿಯಲ್ಲಿ ಬರೀ ನೀರು ತುಂಬಿದ ವರ್ಷ ಅದು. ಅದರ ವೈನ್ ತೆಳ್ಳಗೆ, ಯಾರೂ ಕೂಡಿಡುವುದಿಲ್ಲ, ಕೇಳಿದವರಿಗೆ ಸುಮ್ಮನೆ ಕೊಟ್ಟುಬಿಡುತ್ತಾರೆ. ನನಗಂತೂ ಆ ವರ್ಷದ ಹೆಸರೇ ಬೇಡ. ಮಾಳಿಗೆಯಿಂದ ಜಾರಿ ಬಿದ್ದು ಕಾಲು ಮುರಿದುಕೊಂಡು ದಸರೆಯಿಂದ ಸಂಕ್ರಾಂತಿಯವರೆಗೆ ಒಲೆಯ ಬದಿಗೆ ಬಿದ್ದಿದ್ದೆ. ಹೊರಗೆ ಮಳೆ, ಒಳಗೆ ಶೇವಂತಾ ಎಳೆ ಜೋಳದ ತೆನೆ ಸುಟ್ಟು ಸೀತನಿ ಮಾಡುವ ಹೊಗೆ. ಜೈಲಿನಲ್ಲಿದ್ದವನೂ ನನಗಿಂತ ಹೆಚ್ಚು ತಿರುಗಾಡಿರುತ್ತಾನೆ.

ಅಕ್ಕಾರು ಒಂದು ಗ್ಲಾಸಿಗೆ ಬೆರಳು ದಪ್ಪ ಸುರಿದರು. ಮೊದಲು ಮೂಸಬೇಕು, ಆಮೇಲೆ ನಾಲಗೆಯ ಮೇಲೆ ಉರುಳಿಸಬೇಕು, ಆಮೇಲೆ ನುಂಗಬೇಕು ಎಂದು ಹೇಳಿಕೊಟ್ಟರು.

"ಮೊದಲ ಏನೈತಿ?"

"ನಿಂಬಿ."

"ಅದರ ಹಿಂದ?"

"ಪ್ಯಾರಲ ಹಣ್ಣು. ಇನ್ನೂ ದೋರಗಾಯಿ."

"ಅಡ್ಡಿಯಿಲ್ಲ, ಮೂಗೈತಿ ನಿನಗ. ಕಡೀಕ ಏನೈತಿ?"

"ಕಡೀಕ ಏನಿಲ್ರಿ. ಮುಗೀತು."

"ಅದು ಮುಗದಿಲ್ಲ. ನೀ ಎದ್ದಿ."

ನೋಡಿಕೊಂಡರೆ ನಾನು ನಿಜಕ್ಕೂ ಎದ್ದು ನಿಂತಿದ್ದೆ. ಇದರ ಕಡೆಯ ರುಚಿ ಏನೆಂದು ಹೇಳಿದ ದಿನ ಮೂಡಗಾಳಿ ಬಾಟಲಿ ನಿನ್ನದು ಎಂದು ಅಕ್ಕಾರು ಮಾತು ಕೊಟ್ಟರು.

ಹೀಗೆ ನಾನು ಕಲಿಯಲು ಶುರು ಮಾಡಿದೆ. ಗಾದಿ ಹೊಲಿದುಕೊಟ್ಟು ಕೂಲಿಯ ಬದಲು ಬಾಟಲಿ ತಂದೆ. ಮೊದಲ ಫಸಲನ್ನೆಲ್ಲ ಅಟ್ಟದ ಮೇಲೆ ಶಿಸ್ತಾಗಿ ಸಾಲುಗಟ್ಟಿ ನಿಲ್ಲಿಸಿದೆ. ಬೇಸಿಗೆಯ ಕಾವಿಗೆ ವೈನ್ ಬೆಂದು, ಬಿರಡೆಗಳು ಒಣಗಿ ಸಂದು ಬಿಟ್ಟವು. ಅದರಲ್ಲೊಂದನ್ನು ತೆರೆದಾಗ ಓಣಿಗೆ ಬಂದದ್ದು ಯಾವ ವರ್ಷವೂ ಅಲ್ಲದ, ಜ್ವರದ ಮನೆಯಂಥ ಮುಗ್ಗಲು ಹವೆ. ಮಂದಿ ಮೂಗು ಮುಚ್ಚಿಕೊಂಡು ನನ್ನ ಮನೆತನವನ್ನೆಲ್ಲ ಎತ್ತಿ ಆಡಿದರು. ಬಾಟಲಿಯನ್ನು ಅಡ್ಡ ಮಲಗಿಸಬೇಕು, ಬಿರಡೆ ಹಸಿಯಾಗಿ ಇರಬೇಕು ಎಂದು ಆಗ ತಿಳಿಯಿತು. ಇನ್ನೊಮ್ಮೆ ಜಾಣತನ ಮಾಡಿ ಬಾಟಲಿಯನ್ನು ಮಂಜುಗಡ್ಡೆಯಲ್ಲಿ ಹೂತಿಟ್ಟು ತೆರೆದೆ. ವೈನಿಗೆ ರುಚಿಯೂ ಇಲ್ಲ, ಓಣಿಗೆ ಗಾಳಿಯೂ ಇಲ್ಲ, ಎರಡೂ ಮೂಕ. "ಬಾಯಿ ಮರಗಟ್ಟಿದವ ಏನು ಮಾತಾಡ್ಯಾನು?" ಎಂದು ಅಕ್ಕಾರು ನಕ್ಕರು.

ಕೊನೆಗೆ ನಮ್ಮ ಹಿತ್ತಲಿನಲ್ಲಿ ಅಜ್ಜನ ಕಾಲದಿಂದ ಮುಚ್ಚಿಬಿದ್ದಿದ್ದ ಹಗೇವನ್ನು ತೆರೆಯಲು ಹೊರಟೆ. ಬಹುಕಾಲ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ, ದೀಪ ಇಳಿಸಿ ನೋಡದೆ ಇಳಿದವರು ಮೇಲೆ ಬರುವುದಿಲ್ಲ. ನನಗೆ ಅಷ್ಟು ತಡೆಯುವ ತಾಳ್ಮೆ ಎಲ್ಲಿ? ಬಾಯಿ ತೆರೆದವನೇ ಕಾಲು ಇಳಿಬಿಟ್ಟೆ. ಹಿಂದಿನಿಂದ ಶೇವಂತಾ ನನ್ನ ಅಂಗಿಯ ಕೊರಳಪಟ್ಟಿ ಹಿಡಿದು ಎಳೆದಳು. ತಾನೇ ಹಗ್ಗ ತಂದು, ಕಂದೀಲು ಕಟ್ಟಿ ಕೆಳಗಿಳಿಸಿದಳು. ಅರ್ಧಕ್ಕೇ ದೀಪ ಆರಿತು.

"ಇಳೀಬ್ಯಾಡ್ರಿ. ನಾಳಿ ನೋಡೂಣು," ಎಂದಳು.

ಮರುದಿನವೂ ಅವಳೇ ಇಳಿಸಿದಳು, ಅದರ ಮರುದಿನವೂ. ದೀಪ ತಳ ಮುಟ್ಟಿ ಉರಿಯುತ್ತಲೇ ಇದ್ದ ದಿನ ಹಗ್ಗ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಬಿಟ್ಟುಹೋಗುವವಳು ಇಷ್ಟೆಲ್ಲ ಯಾಕೆ ಮಾಡಿದಳು ಎಂದು ನನಗೆ ಬಗೆಹರಿಯಲಿಲ್ಲ. ಕೇಳಬಹುದಿತ್ತು, ನಾನು ಆಗಲೇ ಬಾಟಲಿ ಇಳಿಸುವ ಗಡಿಬಿಡಿಯಲ್ಲಿದ್ದೆ.

ಆ ಬೇಸಿಗೆಯಲ್ಲೇ ಊರು ಇವತ್ತಿಗೂ ಆಡಿಕೊಳ್ಳುವ ತಪ್ಪು ನನ್ನಿಂದಾಯಿತು. ಕಡೆಯ ರುಚಿ ಹಿಡಿಯಲೇಬೇಕೆಂದು ಎರಡು ಮಳೆ ವರ್ಷದ ಬಾಟಲಿಗಳನ್ನು ನಾಲ್ಕಾರು ಮನೆಗಳಿಂದ ತಂದಿಟ್ಟಿದ್ದೆ. ಒಂದು ಮಧ್ಯಾಹ್ನ ಮನಸ್ಸು ತಡೆಯದೆ, ಬಿಳಿ ಬಟ್ಟೆ ಕಟ್ಟದೆ, ಯಾರಿಗೂ ಕೂಗದೆ ಬಿರಡೆ ಕಿತ್ತುಬಿಟ್ಟೆ. ಪಕ್ಕದ ಮನೆಯ ಗಂಗವ್ವ ಮಗಳ ಸೀಮಂತಕ್ಕೆಂದು ಹೊಸೆದ ಶಾವಿಗೆಯನ್ನೆಲ್ಲ ಮಾಳಿಗೆಯ ಮೇಲೆ ಒಣಹಾಕಿದ್ದಳು. ಕಣ್ಣು ಮಿಟುಕಿಸುವುದರಲ್ಲಿ ಮಳೆ ಇಳಿದು ಶಾವಿಗೆಯೆಲ್ಲ ಹಿಟ್ಟಿನ ಮುದ್ದೆಯಾಯಿತು.

"ಲೇ ಪರಸ್ಯಾ, ನಿನ್ನ ಬಾಟ್ಲಿಗೆ ಬೆಂಕಿ ಹಚ್ಚಲಿ! ಬಟ್ಟಿ ಎಲ್ಲೋ, ಬಟ್ಟಿ?" ಎಂದು ಗಂಗವ್ವ ಓಣಿಗೆಲ್ಲ ಕೇಳುವಂತೆ ಕೂಗಿದಳು.

ನಾನು ಗಾಬರಿಯಿಂದ ಬಾಟಲಿಯನ್ನು ಗಟಗಟ ಖಾಲಿ ಮಾಡುತ್ತಿದ್ದರೆ, ಶೇವಂತಾ ನೆನೆಯುತ್ತಲೇ ಏಣಿ ಹತ್ತಿ ಗಂಗವ್ವನ ಜೊತೆ ಮುದ್ದೆ ಬಳಿಯಲು ನಿಂತಳು. ಮೇಲಿನಿಂದ ಅವಳ ನಗು ಕೇಳಿಸಿತು. ಎಷ್ಟೋ ಕಾಲದ ಮೇಲೆ ಕೇಳಿದ ನಗು. ನನ್ನ ಫಜೀತಿ ನೋಡಿ ನಗುತ್ತಿದ್ದಾಳೆ ಎಂದುಕೊಂಡು ನನಗೆ ಉರಿದುಹೋಯಿತು. ಗಂಗವ್ವನ ಮಗಳಿಗೆ ಒಂದು ಗಾದಿ, ಕೂಸಿಗೆ ಒಂದು ಪುಟ್ಟ ಗಾದಿ ಹೊಲಿದುಕೊಟ್ಟ ಮೇಲೆ ಆ ಜಗಳ ತಣ್ಣಗಾಯಿತು.

ಸುಳ್ಳೇಕೆ ಹೇಳಲಿ, ಬರಬರುತ್ತ ನನಗೆ ಆ ಚಟ ನಿಜವಾಗಿಯೇ ಹಿಡಿಯಿತು. ಕಲ್ಲುಗುಡ್ಡದ ದ್ರಾಕ್ಷಿಗೂ ಹೊಳೆದಂಡೆಯ ದ್ರಾಕ್ಷಿಗೂ ಇರುವ ಭೇದ ಮೂಗಿಗೆ ತಿಳಿಯತೊಡಗಿತು. ಒಂದರಲ್ಲಿ ತೊಳೆದ ಬೀಸುಕಲ್ಲಿನ ವಾಸನೆ, ಇನ್ನೊಂದರಲ್ಲಿ ಆಗಷ್ಟೆ ಕಾಯಿಸಿದ ಬೆಣ್ಣೆ. ಎಳೆಯದರಲ್ಲಿ ಹಸಿರು ಚುರುಕು, ಹಳೆಯದರಲ್ಲಿ ಜೇನು. ಯಾವುದನ್ನು ಬೇಗ ತೆರೆಯಬೇಕು, ಯಾವುದನ್ನು ಮರೆತು ಬಿಡಬೇಕು ಎಂದು ವಿಂಗಡಿಸಿ ಮಲಗಿಸಿದೆ. ಆದರೆ ಆ ಕಡೆಯ ರುಚಿ ಮಾತ್ರ ಸಿಗಲಿಲ್ಲ. ವಾರಕ್ಕೊಮ್ಮೆ ಅಕ್ಕಾರ ಮುಂದೆ ಕೂರುತ್ತಿದ್ದೆ, ನಿಂಬೆ ಹೇಳುತ್ತಿದ್ದೆ, ಪೇರಲ ಹೇಳುತ್ತಿದ್ದೆ, ಅಷ್ಟರಲ್ಲಿ ಕಾಲು ತುರಿಸುತ್ತಿತ್ತು. ಉಪ್ಪು ಅಂದೆ, ಸುಣ್ಣ ಅಂದೆ, ಬೇವಿನ ಹೂ ಅಂದೆ. "ಹುಡುಕಬ್ಯಾಡ. ಕುಂಡ್ರು, ಅದ ಬರತೈತಿ," ಎನ್ನುತ್ತಿದ್ದರು. ಕೂರಲು ಆಗಿದ್ದರೆ ನಾನು ಪರಸಪ್ಪ ಯಾಕಾಗುತ್ತಿದ್ದೆ?

ಕೊಯ್ಲು ಬಂತು, ಮುಗಿಯಿತು. ನದಿಯ ಆಚೆ ಖೋಲಿಗೆ ಸುಣ್ಣ ಬಳಿದಾಯಿತೆಂದು ಸುದ್ದಿ ಬಂತು. ಶೇವಂತಾ ಟ್ರಂಕು ಕೆಳಗಿಳಿಸಿ ಒರೆಸಿದ ದಿನ ನಾನು ಅಕ್ಕಾರ ಮನೆಗೆ ಓಡಿದೆ. ಎಲ್ಲ ಹೇಳಿಕೊಂಡೆ, ಹೇಳುತ್ತ ಅತ್ತೂ ಬಿಟ್ಟೆ. ಅಕ್ಕಾರು ಹಗೇವಿನಿಂದ ಬಾಟಲಿ ತರಿಸಿ ನನ್ನ ಮಡಿಲಿಗೆ ಇಟ್ಟರು.

"ಇದಕ್ಕೂ ವಯಸ್ಸಾಗೇತಿ. ಈ ವರ್ಷ ತಗೀಲಿಲ್ಲಂದ್ರ ಮುಂದ ಇದರಾಗ ಬರೀ ನೀರು. ನಿನಗ ಕಲಸೂದು ನನ್ನ ಕೈಲೆ ಆಗಲಿಲ್ಲ, ಪರಸಪ್ಪ. ಇದಾದ್ರೂ ಕಲಸಲಿ."

ಮರುದಿನ ಬೆಳಿಗ್ಗೆ ಬಿಳಿ ಬಟ್ಟೆ ಕಟ್ಟಿ, ಎಂಟೂ ದಿಕ್ಕಿಗೆ ಕೇಳುವಂತೆ "ಮೂಡಗಾಳಿ ವರ್ಷ!" ಎಂದು ಕೂಗಿದೆ. ಗಂಗವ್ವ ಹಪ್ಪಳ ಒಳಗಿಟ್ಟಳು. ಸಂಜೆ ಪಡಸಾಲೆಯಲ್ಲಿ ಶೇವಂತಾಳನ್ನು ಕೂರಿಸಿ, ಎದುರಿಗೆ ಎರಡು ಗ್ಲಾಸು ಇಟ್ಟು ಬಿರಡೆ ಎಳೆದೆ. ಒಂದು ಗುಟುಕು ಬಾಯಿಗೆ ಹಾಕಿಕೊಂಡೆ, ಅಷ್ಟರಲ್ಲಿ ಬಾಗಿಲ ಪರದೆ ಒಳಗೆ ಹಾರಿತು. ಅದೇ ಗಾಳಿ, ಅದೇ ಒಣ ಬೆಚ್ಚಗಿನ ವಾಸನೆ. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಈಗ ಅರಳುತ್ತದೆ, ಈಗ ಅರಳುತ್ತದೆ ಎಂದು ಕಾದೆ. ಅವಳು ಸೆರಗನ್ನು ಬಾಯಿಗೊತ್ತಿಕೊಂಡು ಎದ್ದು ಏಣಿ ಹತ್ತಿದಳು.

ಬಾಟಲಿ ಹಿಡಿದು ನಾನೂ ಹಿಂದೆಯೇ ಹತ್ತಿದೆ. ಮಾಳಿಗೆಯ ಮೂಡಣ ಮೂಲೆಯಲ್ಲಿ, ಆ ವರ್ಷ ದಿನಾ ನಿಲ್ಲುತ್ತಿದ್ದ ಜಾಗದಲ್ಲೇ ನಿಂತಿದ್ದಳು. ಆಗೆಲ್ಲ ನಾನು ಅವಳನ್ನು ಕೆಳಗಿನ ಕಟ್ಟೆಯಿಂದ, ಬೆನ್ನ ಕಡೆಯಿಂದ ನೋಡಿದ್ದೆ. ಮುಖದ ಕಡೆಗೆ ಬಂದು ನೋಡಿದ್ದು ಇದೇ ಮೊದಲು. ಅವಳು ಅಳುತ್ತಿದ್ದಳು.

"ಈ ಗಾಳ್ಯಾಗ ನಮ್ಮೂರ ವಾಸನಿ ಬರತೈತ್ರಿ," ಎಂದಳು. "ಅವ್ವ ಸಂಜೀಕ ಕುಸುಬಿ ಹುರೀತಿದ್ಲು. ಇಲ್ಲಿ ನಿಂತ್ರ ಅದು ಬರತಿತ್ತು. ಅಳೂದು ಮಂದಿಗೆ ಕಾಣಬಾರದಂತ ಮ್ಯಾಲ ಬರತಿದ್ದೆ."

"ವರ್ಷಪೂರ್ತಿ?"

"ವರ್ಷಪೂರ್ತಿ. ಹೊಸಾದಾಗಿ ಬಂದಾಕಿ ಯಾರ ಮುಂದ ಹೇಳೂದ್ರಿ? ನೀವರ ಎಲ್ಲಿ ಕೈಗೆ ಸಿಗತಿದ್ರಿ?"

ನನ್ನ ಬದುಕಿನ ಒಳ್ಳೆಯ ವರ್ಷ ಎಂದು ನಾನು ಜೋಪಾನ ಮಾಡಿದ್ದು ಅವಳ ಅಳುವಿನ ವರ್ಷ. ನಾಚಿಕೆಯಿಂದ ನನ್ನ ಮೈಯೆಲ್ಲ ಹಿಡಿಯಾಯಿತು. ಬಾಟಲಿಯನ್ನು ಗೋಡೆಯ ಆಚೆ ಬಗ್ಗಿಸಹೋದೆ. ಅವಳು ನನ್ನ ಕೈ ಹಿಡಿದಳು.

"ಚೆಲ್ಲಬ್ಯಾಡ್ರಿ. ಅವ್ವ ಹೋಗಿ ಎಷ್ಟ ದಿನಾತು. ಇನ್ನೊಂದೀಟು ಇರಲಿ."

ನಾನು ಬಾಟಲಿ ಕೆಳಗಿಟ್ಟೆ. ಮುಟ್ಟಿದರೆ ಗಾಳಿ ಕಡಿಮೆಯಾದೀತೆಂದು ಮತ್ತೆ ಮುಟ್ಟಲಿಲ್ಲ. ವರ್ಷವಿಡೀ ಹಂಬಲಿಸಿದ ವೈನಿನಲ್ಲಿ ನನ್ನ ಪಾಲಿಗೆ ಬಂದದ್ದು ಆ ಒಂದೇ ಗುಟುಕು. ಕೆಳಗಿನಿಂದ ಗಂಗವ್ವ, "ಲಗೂನ ಮುಗಸೋ ಪರಸ್ಯಾ, ಗಾಳಿಗೆ ಒಲಿ ಹತ್ತವಲ್ದು!" ಎಂದು ಕೂಗುತ್ತಿದ್ದಳು.

"ಹಂಗಾರ ನಿನಗ ಯಾವ ವರ್ಷ ಬೇಕಾಗಿತ್ತು?" ಎಂದು ಕೇಳಿದೆ.

"ಎರಡು ಮಳಿ ವರ್ಷ."

"ನನ್ನ ಕಾಲು ಮುರದ ವರ್ಷ?"

"ಹೂಂ," ಎಂದವಳಿಗೆ ಕಣ್ಣೀರಿನ ನಡುವೆಯೇ ನಗು ಬಂತು. "ನೀವು ಮನ್ಯಾಗ ಇದ್ರಿ. ಹೊರಗ ಮಳಿ ಹೊಡೀತಿತ್ತು, ಒಲಿ ಮುಂದ ಕುಂತು ಎಷ್ಟು ಮಾತಾಡೀವ್ರಿ! ಸಂಕ್ರಾಂತಿಗೆ ಕಾಲು ನೆಟ್ಟಗಾತು, ನೀವು ಎದ್ದು ಹೋದ್ರಿ. ಗಂಗವ್ವನ ಶಾವಗಿ ತೋದ ದಿನಾ ನಾ ನಕ್ಕಿದ್ದು ಅದಕ್ಕ. ಅದ ಮಳಿ ಅದು."

ದೀಪ ಹಚ್ಚುವ ಹೊತ್ತಿಗೆ ಅವಳೇ ಬಾಟಲಿಯನ್ನು ಬಗ್ಗಿಸಿ ಬರಿದು ಮಾಡಿದಳು. ಗಾಳಿ ನಿಂತಿತು. ಬೆಳಿಗ್ಗೆ ಅವಳು ಹೊರಟಳು. ನಾನು ಇರು ಎನ್ನಲಿಲ್ಲ. ಹಗೇವಿನ ಮೂಲೆಯಲ್ಲಿ ಎರಡು ಮಳೆ ವರ್ಷದ್ದು ಒಂದೇ ಒಂದು ಉಳಿದಿತ್ತು, ಯಾರಿಗೂ ಬೇಡವಾದದ್ದು. ಅದಕ್ಕೆ ಅರಳೆ ಸುತ್ತಿ, ಸೀರೆಗಳ ನಡುವೆ ಅಡ್ಡ ಮಲಗಿಸಿ ಟ್ರಂಕು ಮುಚ್ಚಿದೆ.

"ಬಿಸಲಿಗೆ ಇಡಬ್ಯಾಡ. ಮನಸ್ಸಾದಾಗ ತಗಿ," ಎಂದೆ.

"ತಗದ್ರ ನಿಮಗ ಹೆಂಗ ತಿಳೀತೈತಿ?"

ನದಿ ದಾಟಿದ ಬಾಟಲಿ ಹವೆ ತರುತ್ತದೋ ಇಲ್ಲವೋ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. "ನೋಡೂಣು," ಎಂದೆ. ಅವಳ ಹರಿಗೋಲು ಆಚೆ ದಡ ಮುಟ್ಟುವವರೆಗೆ ನಿಂತಿದ್ದೆ.

ಅಂದಿನಿಂದ ಸಂಜೆಯಾದರೆ ನಾನು ಮಾಳಿಗೆಯ ಮೂಡಣ ಮೂಲೆಗೆ ಹೋಗಿ ಕೂರುತ್ತಿದ್ದೆ. ಮೊದಮೊದಲು ನೆಲ ಸುಡುತ್ತಿದೆಯೇನೋ ಎಂಬಂತೆ ಎದ್ದೆದ್ದು ತಿರುಗುತ್ತಿದ್ದೆ. ಎದ್ದ ಹೊತ್ತಿನಲ್ಲೇ ಅಲ್ಲಿ ಏನಾದರೂ ಆಗಿ ನನಗೆ ಕಾಣದೆ ಹೋದರೆ ಎಂಬ ಹೆದರಿಕೆಯಿಂದ ಮತ್ತೆ ಕೂರುತ್ತಿದ್ದೆ. ನದಿಯ ಆಚೆ ಒಂದು ಹಿಡಿ ಮನೆಗಳು, ಅವುಗಳ ಮೇಲೆ ಬರಿಯ ಆಕಾಶ. ಬೇಸಿಗೆ ಏರಿತು. ಮಂದಿ ನನ್ನನ್ನು ನೋಡಿ ಏನೇನೋ ಅಂದುಕೊಂಡರು. ಒಂದು ಬೆಳಿಗ್ಗೆ ಆಚೆ ದಡದ ಒಂದು ಮಾಳಿಗೆಯ ಮೇಲೆ ಬಿಳಿಯದೇನೋ ಹಾರಾಡುವುದು ಕಂಡಿತು. ಒಣಹಾಕಿದ ಧೋತರ ಇರಬೇಕು ಎಂದು ಅರಳೆ ಹಿಂಜಲು ಹೋದೆ. ಹೊತ್ತು ಇಳಿಯುವಾಗ ನೋಡಿದರೆ, ನೆತ್ತಿಯ ಮೇಲೆ ಒಂದು ಮೋಡದ ತುಣುಕೂ ಇಲ್ಲದ ಆ ಬಿಸಿಲಿನಲ್ಲಿ, ಆಚೆಯ ಮನೆಗಳ ಮೇಲೆ ಮಾತ್ರ ಮಳೆ ಬೀಳುತ್ತಿತ್ತು.

ನಾನು ಓಡಿದೆ. ಓಡುವುದು ನನಗೆ ಹೊಸದಲ್ಲ, ಆದರೆ ಒಂದು ಕಡೆಗೆ ಎಂದು ಓಡಿದ್ದು ಅದೇ ಮೊದಲು. ಹರಿಗೋಲಿನಲ್ಲಿ ಕೂತಿದ್ದರೂ ಕಾಲು ಓಡುತ್ತಲೇ ಇತ್ತು. ನಡು ಹೊಳೆ ದಾಟುವುದರಲ್ಲಿ ಮೊದಲ ಹನಿ ಮುಖಕ್ಕೆ ಬಿತ್ತು. ತೊಯ್ದು ತೊಪ್ಪೆಯಾಗಿ ಆ ಓಣಿ ಹೊಕ್ಕೆ. ಹೊಸ ಖೋಲಿಯ ಬಾಗಿಲು ತೆರೆದಿತ್ತು. ಶೇವಂತಾ ಗೋಡೆಗೆ ಒರಗಿ ಕೂತಿದ್ದಳು. ಮುಂದೆ ಎರಡು ಹಿತ್ತಾಳೆಯ ಲೋಟ, ನಡುವೆ ಬಾಟಲಿ. ಒಂದು ಲೋಟದಲ್ಲಿ ಮಾತ್ರ ವೈನ್ ಇತ್ತು, ಇನ್ನೊಂದು ಬರಿದಾಗಿತ್ತು.

"ತಡಾ ಮಾಡಿದ್ರಿ," ಎಂದಳು. "ಕುಂಡ್ರಿ."

ಒದ್ದೆ ಬಟ್ಟೆಯಲ್ಲೇ ಕೂತೆ. ಬರಿ ಲೋಟಕ್ಕೆ ಬೆರಳು ದಪ್ಪ ಸುರಿದುಕೊಟ್ಟಳು. ಕುಡಿದೆ. ನಿಂಬೆ ಬಂದು ಹೋಯಿತು. ದೋರಗಾಯಿ ಪೇರಲ ಬಂದು ಹೋಯಿತು. ಆಮೇಲೆ ಏನೂ ಇಲ್ಲ. ಹಳೆಯ ಚಟದಂತೆ ಕಾಲು ತುರಿಸಿತು. ಅವಳ ಮುಖ ನೋಡಿ ಹಾಗೇ ಕೂತೆ. ಹೊರಗೆ ಮಳೆಯ ಸದ್ದು, ಒಳಗೆ ಹಸಿ ಸುಣ್ಣದ ವಾಸನೆ. ನಾನು ಯಾವುದನ್ನೂ ಹುಡುಕಲಿಲ್ಲ. ಎಷ್ಟೋ ಹೊತ್ತಿನ ಮೇಲೆ, ನಾಲಗೆಯ ತುತ್ತತುದಿಯಿಂದ ಅದು ತಾನಾಗಿ ಎದ್ದು ಬಂತು. ಮೊದಲು ತುಸು ಹೊಗೆ, ಅದರ ಬೆನ್ನಿಗೆ ಹಾಲು ತುಂಬಿದ ಎಳೆ ಕಾಳಿನ ಸಿಹಿ.

"ಕಡೀಕ ಏನೈತ್ರಿ?" ಎಂದು ಕೇಳಿದಳು ಶೇವಂತಾ.

"ಸೀತನಿ," ಎಂದೆ. "ನೀ ಸುಡತಿದ್ದಿಯಲ್ಲ, ಅದು."

ಅವಳು ಬಿರಡೆ ಎತ್ತಿಕೊಂಡು, ಇನ್ನೂ ಮುಕ್ಕಾಲು ತುಂಬಿದ್ದ ಬಾಟಲಿಯ ಬಾಯಿಗೆ ಗಟ್ಟಿಯಾಗಿ ಒತ್ತಿ, ಅಡ್ಡ ಮಲಗಿಸಿ ಇಟ್ಟಳು. ಹೊರಗೆ ಮಳೆ ಬೀಳುತ್ತಲೇ ಇತ್ತು.